ಟ್ರೆವರ್ ಹಾರ್ನ್ ಬಂದು ಬೆಲ್ ಅಂಡ್ ಸೆಬಾಸ್ಟಿಯನ್ ಬ್ಯಾಂಡನ್ನು ಕೆಡಿಸಿದರಾ?

ಪ್ರಶ್ನೆ: ಮೇಡಂ, ನಾವು ಮೂವರು ಕಾಲೇಜಿನ ದಿನದಿಂದ ಬೆಲ್ ಅಂಡ್ ಸೆಬಾಸ್ಟಿಯನ್ ಕೇಳ್ತಾ ಬಂದವರು. ಸೇರಿದಾಗೆಲ್ಲ ಒಂದೇ ಜಗಳ. 2003ರ 'ಡಿಯರ್ ಕೆಟಾಸ್ಟ್ರೊಫಿ ವೇಟ್ರೆಸ್' ಆಲ್ಬಂ ಜೊತೆಗೇ ಈ ಬ್ಯಾಂಡ್ ಮುಗಿದುಹೋಯ್ತು ಅಂತ ಒಬ್ಬ. ಅದೇ ಅವರ ಬೆಸ್ಟ್ ಆಲ್ಬಂ ಅಂತ ಇನ್ನೊಬ್ಬಳು. ಎಲ್ಲವನ್ನೂ ತಿದ್ದಿ ತೀಡಿ ನುಣ್ಣಗೆ ಮಾಡಿ ಜೀವ ತೆಗೆದಿದ್ದಾರೆ, ತಪ್ಪೆಲ್ಲ ರೆಕಾರ್ಡಿಂಗ್ ಮಾಡಿಸಿದ ಪ್ರೊಡ್ಯೂಸರ್ ಟ್ರೆವರ್ ಹಾರ್ನ್‌ದು ಅನ್ನೋದು ಅವನ ವಾದ. ಇವರ ಹಾಡು ಸರಿಯಾಗಿ ಕಿವಿಗೆ ಬಿದ್ದದ್ದೇ ಈ ಆಲ್ಬಂನಲ್ಲಿ ಅನ್ನೋದು ಅವಳ ವಾದ. ನನಗೆ ಇಬ್ಬರದ್ದೂ ಸರಿ ಅನ್ಸುತ್ತೆ, ಹಾಗಾಗಿ ಇಬ್ಬರ ಹತ್ರಾನೂ ಬೈಸಿಕೊಳ್ತೀನಿ. ರೆಕಾರ್ಡಿಂಗ್ ಚೆನ್ನಾಗಿ ಆದರೆ ಹಾಡು ಕೆಡುತ್ತಾ? ಇನ್ನೊಂದು ಮಾತು. ನನ್ನ ತಂಗಿಗೆ ಈ ಬ್ಯಾಂಡ್ ಪರಿಚಯ ಮಾಡಿಸಬೇಕು. ಯಾವುದರಿಂದ ಶುರು ಮಾಡಲಿ?

ಉತ್ತರ: ಏನೋ ಕಳೆದುಹೋಯಿತು ಅಂತ ನಿಮ್ಮ ಗೆಳೆಯನಿಗೆ ಅನ್ನಿಸಿದ್ದು ಸುಳ್ಳಲ್ಲ. ಕಳೆದಿದ್ದು ನಿಜ. ಆದರೆ ಅದನ್ನು ಹಾರ್ನ್ ತಲೆಗೆ ಕಟ್ಟುವುದು ತಪ್ಪು. ಅವರು ಬಾಗಿಲೊಳಗೆ ಕಾಲಿಡುವ ಹೊತ್ತಿಗೆ ಅದು ಮನೆ ಬಿಟ್ಟು ಹೋಗಿಯಾಗಿತ್ತು. ನಿಮ್ಮ ಗೆಳತಿಯ ಮಾತಿನಲ್ಲೂ ಒಂದು ತಕರಾರಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿನ್ನೆಲೆ. ನಿಮಗೆ ಗೊತ್ತಿರುತ್ತದೆ, ಆದರೆ ಈ ಉತ್ತರ ಓದುವ ಎಲ್ಲರಿಗೂ ಗೊತ್ತಿರಬೇಕಲ್ಲ.

ಈ ಬ್ಯಾಂಡ್ ಸ್ಕಾಟ್ಲೆಂಡಿನ ಗ್ಲಾಸ್ಗೋದ್ದು. ಶುರುವಾಗಿದ್ದು 1996ರಲ್ಲಿ. ಹಾಡು ಬರೆಯುವ ಸ್ಟುವರ್ಟ್ ಮರ್ಡಾಕ್ ಅದಕ್ಕೂ ಮುಂಚೆ ವರ್ಷಗಟ್ಟಲೆ ಕಾಯಿಲೆ ಬಿದ್ದಿದ್ದರು. ಮೈಯೆಲ್ಲ ಸೋತುಹೋಗುವ, ಎಷ್ಟು ಮಲಗಿದರೂ ಸುಸ್ತು ಹೋಗದ ಕಾಯಿಲೆ. ಕೆಲಸವಿಲ್ಲ, ಓಡಾಟವಿಲ್ಲ. ಆ ಹೊತ್ತಿನಲ್ಲಿ ಹಾಡು ಬರೆಯುವುದು ಕಲಿತರು. ಆಮೇಲೆ ಒಂದು ಚರ್ಚ್ ಹಾಲ್ ನೋಡಿಕೊಳ್ಳುವ ಕೆಲಸ ಮಾಡಿಕೊಂಡು ಅದರ ಮೇಲಿನ ಮನೆಯಲ್ಲೇ ಇದ್ದರು. ಅವರ ಹಳೆಯ ಹಾಡುಗಳಲ್ಲಿ ಸ್ಕೂಲು, ಬಸ್ಸು, ಚರ್ಚು, ಒಬ್ಬೊಬ್ಬರೇ ಕೂತು ಪುಸ್ತಕ ಓದುವವರು ಇಷ್ಟೊಂದು ಬರುವುದು ಇದಕ್ಕೇ ಇರಬೇಕು. ಕಿಟಕಿಯಿಂದ ಊರು ನೋಡಿದವರ ಹಾಡು ಅದು.

ಗ್ಲಾಸ್ಗೋದ ಸ್ಟೋ ಕಾಲೇಜಿನಲ್ಲಿ ಸಂಗೀತದ ವ್ಯಾಪಾರ ಕಲಿಸುವ ಕೋರ್ಸ್ ಇತ್ತು. ಅಲ್ಲಿನ ವಿದ್ಯಾರ್ಥಿಗಳು 'ಎಲೆಕ್ಟ್ರಿಕ್ ಹನಿ' ಅನ್ನುವ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಕಂಪನಿ, ನಡೆಸುತ್ತಿದ್ದರು. ವರ್ಷಕ್ಕೊಂದು ರೆಕಾರ್ಡ್ ತರುವುದು ಅವರ ಪಾಠದ ಭಾಗ. ಆ ವರ್ಷ ಅವರು ಆರಿಸಿದ್ದು ಇವರನ್ನು. ಹೀಗೆ ಬಂತು ಮೊದಲ ಆಲ್ಬಂ 'ಟೈಗರ್‌ಮಿಲ್ಕ್'. ರೆಕಾರ್ಡಿಂಗ್ ಮೂರು ದಿನದಲ್ಲಿ ಮುಗಿಯಿತು. ಒತ್ತಿಸಿದ್ದು ಬರೀ 1000 ಎಲ್‌ಪಿ. ಅದೇ ವರ್ಷ ನವೆಂಬರ್‌ನಲ್ಲಿ ಜೀಪ್‌ಸ್ಟರ್ ಲೇಬಲ್‌ನಿಂದ 'ಇಫ್ ಯೂ ಆರ್ ಫೀಲಿಂಗ್ ಸಿನಿಸ್ಟರ್' ಬಂತು. ಜನ ಅದನ್ನು ಕೇಳಿ ಮರುಳಾಗಿ ಮೊದಲ ಆಲ್ಬಂ ಹುಡುಕಿಕೊಂಡು ಹೋದರೆ ಅದು ಎಲ್ಲೂ ಸಿಗುತ್ತಿರಲಿಲ್ಲ. ಹಳೇ ಪ್ರತಿಗಳು ನೂರಾರು ಪೌಂಡ್‌ಗೆ ಮಾರಾಟವಾದವು. 1999ರಲ್ಲಿ ಮತ್ತೆ ಒತ್ತಿಸುವ ತನಕ ಹೆಚ್ಚಿನ ಅಭಿಮಾನಿಗಳು ಅದನ್ನು ಕೇಳಿದ್ದು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು.

ಇದನ್ನು ಯಾಕೆ ಹೇಳಿದೆ ಅಂದರೆ, 'ಹಳೇ ಸೌಂಡ್' ಅಂತ ನಿಮ್ಮ ಗೆಳೆಯ ಹಂಬಲಿಸುತ್ತಾನಲ್ಲ, ಅದರಲ್ಲಿ ಇಂಥವೆಲ್ಲ ಸೇರಿಕೊಂಡಿವೆ. ಸಿಗದ ರೆಕಾರ್ಡು. ಸಂದರ್ಶನ ಕೊಡಲು ಒಲ್ಲದ ಬ್ಯಾಂಡು. ಕವರ್ ಮೇಲೆ ಗೆಳೆಯ ಗೆಳತಿಯರ ಫೋಟೊ, ಅದೂ ಇಡೀ ಚಿತ್ರಕ್ಕೆ ಒಂದೇ ಬಣ್ಣ: 'ಸಿನಿಸ್ಟರ್' ಪೂರ್ತಿ ಕೆಂಪು, 1998ರ 'ದಿ ಬಾಯ್ ವಿತ್ ದಿ ಅರಬ್ ಸ್ಟ್ರ್ಯಾಪ್' ಪೂರ್ತಿ ಹಸಿರು. ಗುಟ್ಟಾಗಿ ಸಿಕ್ಕಿದ್ದರ ಮೇಲೆ ಪ್ರೀತಿ ಜಾಸ್ತಿ. ಆ ಪ್ರೀತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಕಿವಿಗೆ ಕೇಳಿದ್ದು ಯಾವುದು, ಮನಸ್ಸು ಸೇರಿಸಿಕೊಂಡಿದ್ದು ಯಾವುದು ಅಂತ ಬಿಡಿಸಿ ನೋಡದಿದ್ದರೆ ಈ ಜಗಳ ಬಗೆಹರಿಯುವುದಿಲ್ಲ.

ಕಿವಿಗೆ ಕೇಳಿದ್ದನ್ನೇ ಹಿಡಿದು ಮಾತಾಡೋಣ.

ಆ ಮೊದಲ ಎರಡು ಆಲ್ಬಂಗಳಲ್ಲಿ ಬ್ಯಾಂಡ್ ಹೆಚ್ಚುಕಮ್ಮಿ ಒಟ್ಟಿಗೇ ನುಡಿಸಿದೆ. ಒಂದೇ ಕಡೆ ಎಲ್ಲರೂ ನುಡಿಸಿದರೆ ಏನಾಗುತ್ತದೆ? ಹಾಡುವವನ ಮೈಕಿಗೆ ಡ್ರಮ್ ಸದ್ದು ನುಗ್ಗುತ್ತದೆ. ಡ್ರಮ್ ಮೈಕಿಗೆ ಟ್ರಂಪೆಟ್ ನುಗ್ಗುತ್ತದೆ. ಸ್ಟುಡಿಯೊದವರು ಇದನ್ನು ಬ್ಲೀಡ್ ಅನ್ನುತ್ತಾರೆ. ಬ್ಲೀಡ್ ಇದ್ದರೆ ಒಂದು ವಾದ್ಯವನ್ನು ಮಾತ್ರ ಮೇಲೆತ್ತಲು ಆಗುವುದಿಲ್ಲ. ಒಂದನ್ನು ಎತ್ತಿದರೆ ಅದರ ಜೊತೆ ಇನ್ನೆರಡು ಏಳುತ್ತವೆ. ಹಾಡುವವನು ಒಂದು ಕಡೆ ಶ್ರುತಿ ತಪ್ಪಿದರೆ ಆ ಒಂದು ಸಾಲನ್ನು ಮಾತ್ರ ಮತ್ತೆ ಹಾಡಿಸಿ ಅಂಟಿಸುವುದೂ ಕಷ್ಟ, ಯಾಕೆಂದರೆ ಹಳೇ ಸಾಲಿನ ನೆರಳು ಬೇರೆ ಮೈಕುಗಳಲ್ಲಿ ಉಳಿದಿರುತ್ತದೆ. ಹಾಗಾಗಿ ಸಣ್ಣಪುಟ್ಟ ತಪ್ಪುಗಳನ್ನು ಹಾಗೇ ಬಿಡಬೇಕಾಗುತ್ತದೆ. ಪಕ್ಕದ ಕೋಣೆಯಲ್ಲಿ ಯಾರೋ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾರೆ, ನಾವು ಗೋಡೆಗೆ ಕಿವಿಯಿಟ್ಟಿದ್ದೇವೆ ಅನ್ನುವಂಥ ಹತ್ತಿರ ಇರುವುದು ಇದರಿಂದಲೇ.

'ಸಿನಿಸ್ಟರ್'ನ ಮೊದಲ ಹಾಡು 'ದಿ ಸ್ಟಾರ್ಸ್ ಆಫ್ ಟ್ರ್ಯಾಕ್ ಅಂಡ್ ಫೀಲ್ಡ್' ಹಾಕಿ. ಶುರುವಿನಲ್ಲಿ ಮರ್ಡಾಕ್ ಪಿಸುಗುಟ್ಟುತ್ತಾರೆ. ಕೇಳಿಸಲಿಲ್ಲ ಅಂತ ನೀವು ವಾಲ್ಯೂಮ್ ಜಾಸ್ತಿ ಮಾಡುತ್ತೀರಿ. ಹಾಡು ಮೆಲ್ಲಗೆ ಏರುತ್ತಾ ಹೋಗುತ್ತದೆ, ಕೊನೆಗೆ ಟ್ರಂಪೆಟ್ ಬರುವ ಹೊತ್ತಿಗೆ ಮನೆಯೆಲ್ಲ ಗದ್ದಲ. ಪಕ್ಕದ ಮನೆಯವರಿಂದ ಬೈಸಿಕೊಳ್ಳುವ ಹಾಡು ಅದು! ಈ ಏರಿಳಿತವನ್ನು ನಿಮ್ಮ ಗೆಳೆಯ ಜೀವ ಅನ್ನುತ್ತಿದ್ದರೆ ನಾನು ಅವನ ಕಡೆ.

1997ರ ಇಪಿ (ಕೆಲವೇ ಹಾಡುಗಳ ಸಣ್ಣ ರೆಕಾರ್ಡ್) ಹಾಡು 'ಲೇಜಿ ಲೈನ್ ಪೇಂಟರ್ ಜೇನ್' ಕೂಡ ಹಾಗೇ. ಮೋನಿಕಾ ಕ್ವೀನ್ ಅನ್ನುವ ಗಾಯಕಿ ಬಂದು ಜೊತೆಯಲ್ಲಿ ಹಾಡಿದ್ದಾರೆ. ದೊಡ್ಡ ಗಂಟಲು. ಅವರು ಬಾಯಿ ಬಿಟ್ಟ ಕೂಡಲೇ ಮರ್ಡಾಕ್ ಮೂಲೆಗೆ ಸರಿದ ಹಾಗೆ ಕೇಳುತ್ತದೆ. ಸದ್ದೆಲ್ಲ ಒಂದರೊಳಗೊಂದು ಕಲಸಿಹೋಗಿದೆ. ಕೊನೆಯಲ್ಲಿ ಆರ್ಗನ್ ಹಿಡಿದ ಓಟ ಇದೆಯಲ್ಲ, ಅದನ್ನು ಪ್ರತಿ ವಾದ್ಯ ಬಿಡಿಬಿಡಿಯಾಗಿ ಕೇಳುವ ಹಾಗೆ ರೆಕಾರ್ಡ್ ಮಾಡಿದ್ದರೆ ಸಪ್ಪೆಯಾಗುತ್ತಿತ್ತು. ಇಲ್ಲಿ ಕಲಬೆರಕೆಯೇ ಹಾಡಿನ ಬಲ. ನಿಮ್ಮ ಗೆಳತಿಗೆ ಇದನ್ನು ಕೇಳಿಸಿ. ಸ್ವಚ್ಛವಾಗಿ ಕೇಳಿಸಿದರೆ ಮಾತ್ರ ಹಾಡು ಸರಿಯಾಗಿ ಕೇಳಿಸಿದ ಹಾಗೆ ಅನ್ನುವ ಅವಳ ವಾದಕ್ಕೆ ನನ್ನ ತಕರಾರು ಇದೇ.

ಆದರೆ ಹೀಗೇ ಇರಬೇಕು ಅಂತ ಬ್ಯಾಂಡ್ ವ್ರತ ಹಿಡಿದಿತ್ತಾ? ಇಲ್ಲ ಕಣ್ರೀ. ಮೂರು ದಿನ ಸಿಕ್ಕಿದ್ದಕ್ಕೆ ಮೂರು ದಿನದ ಸೌಂಡ್ ಬಂತು. ಹಳೇ ಹಾಡುಗಳ ಒಳಗೇನಿದೆ ನೋಡಿ. ಟ್ರಂಪೆಟ್, ಚೆಲ್ಲೊ, ವಯಲಿನ್, ಪಿಯಾನೊ, ಆರ್ಗನ್. 1960ರ ದಶಕದ ಪಾಪ್ ಹಾಡುಗಳ ಹಾಗೆ ತುಂಬಿಕೊಂಡ ಸಂಗೀತದ ಆಸೆ ಇವರಿಗೆ ಮೊದಲ ದಿನದಿಂದ ಇತ್ತು. ಆಸೆ ದೊಡ್ಡದು, ದುಡ್ಡು ಸಮಯ ಎರಡೂ ಕಮ್ಮಿ. ಆ ಎರಡರ ನಡುವಿನ ಸಂದಿನಲ್ಲಿ ಹುಟ್ಟಿದ್ದು ನಾವೆಲ್ಲ ಮೆಚ್ಚಿದ ಸೌಂಡ್.

ಇದಕ್ಕೊಂದು ಒಳ್ಳೆಯ ಪುರಾವೆಯಿದೆ. 2005ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ ಅವರು 'ಸಿನಿಸ್ಟರ್' ಆಲ್ಬಂ ಇಡಿಯಾಗಿ ನುಡಿಸಿದರು. ಆ ಲೈವ್ ರೆಕಾರ್ಡಿಂಗನ್ನು ಬಿಡುಗಡೆ ಕೂಡ ಮಾಡಿದರು. ಹಾಡುಗಳು ಅವೇ, ಕ್ರಮವೂ ಅದೇ. ಒಂಬತ್ತು ವರ್ಷ ಕಳೆದ ಮೇಲೆ, ಕೈ ಪಳಗಿದ ಬ್ಯಾಂಡ್, ತುಂಬಿದ ಸೌಂಡ್. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಕೆಲವು ಹಾಡು ಲೈವ್‌ನಲ್ಲಿ ಎದ್ದು ನಿಲ್ಲುತ್ತವೆ, ಕೆಲವಕ್ಕೆ 1996ರ ಬಡಕಲು ಮೈಯೇ ಚೆಂದ. ನನಗೆ ಶೀರ್ಷಿಕೆ ಹಾಡು ಹಳೆಯದೇ ಇಷ್ಟ. 'ಜೂಡಿ ಅಂಡ್ ದಿ ಡ್ರೀಮ್ ಆಫ್ ಹಾರ್ಸಸ್' ಲೈವ್‌ನಲ್ಲಿ ಚೆನ್ನ. ಒಂದೇ ಆಲ್ಬಂನ ಎರಡು ಹಾಡುಗಳಿಗೇ ಒಂದೇ ನಿಯಮ ಒಗ್ಗದಿದ್ದರೆ ಇಡೀ ಬ್ಯಾಂಡಿಗೆ ಯಾವ ನಿಯಮ ಹಾಕುತ್ತೀರಿ?

ಈಗ ಕಳೆದುಹೋದದ್ದರ ವಿಷಯ.

1998ರ ಹೊತ್ತಿಗೆ ಬ್ಯಾಂಡಿನಲ್ಲಿ ಹಾಡು ಬರೆಯುವವರು ಹಲವರಾದರು. ಗಿಟಾರಿನ ಸ್ಟೀವಿ ಜಾಕ್ಸನ್, ಚೆಲ್ಲೊ ನುಡಿಸುತ್ತಿದ್ದ ಇಸಬೆಲ್ ಕ್ಯಾಂಬೆಲ್, ಬೇಸ್‌ನ ಸ್ಟುವರ್ಟ್ ಡೇವಿಡ್, ಆಮೇಲೆ ವಯಲಿನ್‌ನ ಸಾರಾ ಮಾರ್ಟಿನ್. 2000ದ 'ಫೋಲ್ಡ್ ಯುವರ್ ಹ್ಯಾಂಡ್ಸ್ ಚೈಲ್ಡ್, ಯೂ ವಾಕ್ ಲೈಕ್ ಎ ಪೆಸೆಂಟ್' ಕೇಳಿದರೆ ಒಂದೇ ಆಲ್ಬಂ ಅನ್ನಿಸುವುದೇ ಇಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಎಳೆದಿದ್ದಾರೆ. ಅದೇ ವರ್ಷ ಸ್ಟುವರ್ಟ್ ಡೇವಿಡ್ ತಮ್ಮದೇ 'ಲೂಪರ್' ಬ್ಯಾಂಡ್ ನೋಡಿಕೊಳ್ಳಲು ಹೊರಟರು. 2002ರಲ್ಲಿ ಒಂದು ಸಿನಿಮಾಕ್ಕಾಗಿ ಮಾಡಿದ 'ಸ್ಟೋರಿಟೆಲಿಂಗ್' ಬಂತು, ಅರೆಮನಸ್ಸಿನ ಕೆಲಸ, ಸಿನಿಮಾದಲ್ಲಿ ಅದರ ಸ್ವಲ್ಪ ಭಾಗ ಮಾತ್ರ ಬಳಸಿದರು. ಅದೇ ವರ್ಷ ಪ್ರವಾಸದ ನಡುವೆಯೇ ಇಸಬೆಲ್ ಕ್ಯಾಂಬೆಲ್ ಬ್ಯಾಂಡ್ ಬಿಟ್ಟರು.

ಅವರು ಹೋದದ್ದು ದೊಡ್ಡ ನಷ್ಟ. ಅವರ ದನಿ ಉಸಿರಿಗಿಂತ ಸ್ವಲ್ಪ ಗಟ್ಟಿ, ಅಷ್ಟೇ. ಮರ್ಡಾಕ್ ಹಾಡುವಾಗ ಹಿಂದೆ ಎಲ್ಲೋ ಆ ದನಿ ಸುಳಿದರೆ ಹಾಡಿಗೆ ಒಂಥರಾ ಅನುಮಾನ, ಒಂಥರಾ ಚಳಿ ಬರುತ್ತಿತ್ತು. ಅವರ ಒಂಟಿ ಚೆಲ್ಲೊ ಕೂಡ ಹಾಗೆಯೇ. 2003ರ ಆಲ್ಬಂನಲ್ಲಿ ಇಲ್ಲದಿರುವುದು ಆ ಚಳಿ. ಹಾರ್ನ್ ಜಾಗದಲ್ಲಿ ಯಾರೇ ಕೂತಿದ್ದರೂ, ಮೂರೇ ದಿನದಲ್ಲಿ ಮುಗಿಸಿದ್ದರೂ, ಅದು ಇರುತ್ತಿರಲಿಲ್ಲ. ಕ್ಯಾಂಬೆಲ್ ಆ ದನಿಯನ್ನು ತಮ್ಮ ಜೊತೆ ತೆಗೆದುಕೊಂಡು ಹೋದರು. 2006ರಲ್ಲಿ ಅಮೆರಿಕದ ರಾಕ್ ಗಾಯಕ ಮಾರ್ಕ್ ಲ್ಯಾನಗನ್ ಅವರ ಗೊಗ್ಗರು ದನಿಯ ಪಕ್ಕ ಅದನ್ನು ಇಟ್ಟು ಒಂದು ಆಲ್ಬಂ ಮಾಡಿದರು, ಅದು ಬ್ರಿಟನ್‌ನಲ್ಲಿ ವರ್ಷದ ಒಳ್ಳೆಯ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿಗೂ ಬಂತು. ನಿಮ್ಮ ಗೆಳೆಯ ಹುಡುಕುತ್ತಿರುವುದರಲ್ಲಿ ಅರ್ಧ ಅಲ್ಲಿದೆ. ಹೇಳಿ ಅವನಿಗೆ.

ಹೊಳೆಯುವ ಪಾಪ್ ಕಡೆ ವಾಲಿದ್ದಕ್ಕೂ ಹಾರ್ನ್ ಕಾರಣರಲ್ಲ. 2000ದಲ್ಲೇ 'ಲೀಗಲ್ ಮ್ಯಾನ್' ಅನ್ನುವ ಸಿಂಗಲ್ ಬಂದಿತ್ತು. ಕುಣಿಯುವ ಹಾಡು. ಬ್ರಿಟನ್ ಚಾರ್ಟ್‌ನಲ್ಲಿ 15ನೇ ಜಾಗಕ್ಕೆ ಏರಿತು. ಕ್ಯಾಮೆರಾ ಕಂಡರೆ ಓಡುತ್ತಿದ್ದ ಈ ಬ್ಯಾಂಡ್ 'ಟಾಪ್ ಆಫ್ ದಿ ಪಾಪ್ಸ್' ಟಿವಿ ಕಾರ್ಯಕ್ರಮಕ್ಕೆ ಹೋಗಿ ನಿಂತಿತು. ಅದಕ್ಕೂ ಮುಂಚೆ 1999ರಲ್ಲಿ ಬ್ರಿಟ್ ಅವಾರ್ಡ್‌ನಲ್ಲಿ ಹೊಸ ಬ್ಯಾಂಡಿನ ಪ್ರಶಸ್ತಿ ಇವರಿಗೆ ಬಂದು, ಆಗ ಭಾರೀ ಜನಪ್ರಿಯವಾಗಿದ್ದ 'ಸ್ಟೆಪ್ಸ್' ಗುಂಪಿನವರ ಕಡೆಯಿಂದ ಗಲಾಟೆಯೇ ಆಗಿತ್ತು. ಗುಟ್ಟು ಆಗಲೇ ಒಡೆದಿತ್ತು.

ಇನ್ನು ಟ್ರೆವರ್ ಹಾರ್ನ್. ಅಭಿಮಾನಿಗಳು ಹೆದರಿದ್ದು ಯಾಕೆ ಅಂತ ಅರ್ಥವಾಗಬೇಕಾದರೆ ಈ ಮನುಷ್ಯನ ಹಿಂದಿನ ಕೆಲಸ ಗೊತ್ತಿರಬೇಕು. 1979ರಲ್ಲಿ 'ದಿ ಬಗಲ್ಸ್' ಆಗಿ 'ವಿಡಿಯೊ ಕಿಲ್ಡ್ ದಿ ರೇಡಿಯೊ ಸ್ಟಾರ್' ಹಾಡಿದವರು ಇವರೇ. ಆಮೇಲೆ ಪ್ರೊಡ್ಯೂಸರ್ ಆದರು. 1982ರಲ್ಲಿ ಎಬಿಸಿ ಬ್ಯಾಂಡಿನ 'ದಿ ಲೆಕ್ಸಿಕನ್ ಆಫ್ ಲವ್'. 1983ರಲ್ಲಿ ಯೆಸ್ ಬ್ಯಾಂಡಿನ '90125', ಅದರಲ್ಲಿನ 'ಓನರ್ ಆಫ್ ಎ ಲೋನ್ಲಿ ಹಾರ್ಟ್'. ಅದೇ ವರ್ಷ ಫ್ರಾಂಕಿ ಗೋಸ್ ಟು ಹಾಲಿವುಡ್ ಗುಂಪಿನ 'ರಿಲ್ಯಾಕ್ಸ್'. ಈ ಕೊನೆಯದರ ಕಥೆ ಸಂಗೀತದವರಿಗೆಲ್ಲ ಗೊತ್ತು. ಬ್ಯಾಂಡ್ ನುಡಿಸಿದ್ದು ಸಾಲದು ಅಂತ ಹಾರ್ನ್ ಹೊರಗಿನವರ ಕೈಲಿ ಮತ್ತೆ ಮತ್ತೆ ನುಡಿಸಿದರು. ಕೊನೆಗೆ ರೆಕಾರ್ಡಿನ ಮೇಲೆ ಉಳಿದದ್ದು ಬ್ಯಾಂಡಿನ ಕಡೆಯಿಂದ ಹೆಚ್ಚುಕಮ್ಮಿ ಗಾಯಕನ ದನಿ ಮಾತ್ರ. 2003ರ ಶುರುವಿನಲ್ಲಿ ಬ್ರಿಟನ್‌ನ ನಂಬರ್ 1 ಹಾಡು ರಷ್ಯಾದ ಟ್ಯಾಟೂ ಹುಡುಗಿಯರದ್ದು, ಅದರ ಇಂಗ್ಲಿಷ್ ರೂಪವೂ ಹಾರ್ನ್ ಕೈಯಿಂದಲೇ ಬಂದದ್ದು. ಇಂಥವರು ಗ್ಲಾಸ್ಗೋದ ನಾಚಿಕೆ ಸ್ವಭಾವದ ಬ್ಯಾಂಡಿಗೆ ಪ್ರೊಡ್ಯೂಸರ್ ಅಂತ ಸುದ್ದಿ ಬಂದರೆ ಯಾರಿಗೆ ತಾನೇ ಎದೆ ಧಸಕ್ ಅನ್ನುವುದಿಲ್ಲ?

ಆದರೆ ಹಾರ್ನ್ ಕೆಲಸದಲ್ಲಿ ಎರಡು ಬಗೆಯಿದೆ. ಒಂದು ಯಂತ್ರದ ಬಗೆ, 'ರಿಲ್ಯಾಕ್ಸ್' ಥರದ್ದು. ಇನ್ನೊಂದು ನಾಟಕದ ಬಗೆ, ಎಬಿಸಿ ಆಲ್ಬಂ ಥರದ್ದು. ಅಲ್ಲಿ ಆನ್ ಡಡ್ಲಿ ಬರೆದ ವಯಲಿನ್‌ಗಳು ಹಾಡಿನ ಜೊತೆ ವಾದ ಮಾಡುತ್ತವೆ, ಗಾಯಕ ಸ್ಟೇಜ್ ಮೇಲೆ ನಿಂತವನ ಹಾಗೆ ಹಾಡುತ್ತಾನೆ. ಬೆಲ್ ಅಂಡ್ ಸೆಬಾಸ್ಟಿಯನ್‌ಗೆ ಅವರು ತಂದದ್ದು ಈ ಎರಡನೇ ಬಗೆ. ಬ್ಯಾಂಡನ್ನು ಹೊರಗೆ ಕೂರಿಸಲಿಲ್ಲ. ನುಡಿಸಿದವರು ಅವರೇ.

2003ರ ಅಕ್ಟೋಬರ್‌ನಲ್ಲಿ, ಹೊಸ ಲೇಬಲ್ ರಫ್ ಟ್ರೇಡ್‌ನಿಂದ ಬಂದ ಆಲ್ಬಂನ ಮೊದಲ ಹಾಡು 'ಸ್ಟೆಪ್ ಇನ್‌ಟು ಮೈ ಆಫೀಸ್, ಬೇಬಿ'. ಆಫೀಸಿನ ಮಾತನ್ನೆಲ್ಲ ಎರಡರ್ಥದಲ್ಲಿ ಬಳಸಿದ ತುಂಟ ಹಾಡು. ಇಲ್ಲಿ ಮರ್ಡಾಕ್ ಪಿಸುಗುಟ್ಟುವುದಿಲ್ಲ. ಎದ್ದು ನಿಂತು, ನಿಮ್ಮ ಮುಖ ನೋಡಿ ಹಾಡುತ್ತಾರೆ. ನನ್ನ ಪ್ರಕಾರ ಈ ಆಲ್ಬಂನ ನಿಜವಾದ ಬದಲಾವಣೆ ಇದು. ಅವರ ಮೈ ಚೇತರಿಸಿಕೊಂಡಿದೆ, ವರ್ಷಗಟ್ಟಲೆ ಸ್ಟೇಜ್ ಮೇಲೆ ಹಾಡಿದ್ದಾರೆ, ಕಿಟಕಿಯಿಂದ ನೋಡುತ್ತಿದ್ದವರು ಬೀದಿಗೆ ಇಳಿದಿದ್ದಾರೆ. ದನಿ ಹೊರಗೆ ಬಂದಾಗಿತ್ತು, ಎಲ್ಲ ಸದ್ದುಗಳನ್ನು ಬೆರೆಸುವ ಮಿಕ್ಸ್‌ನಲ್ಲಿ ಹಾರ್ನ್ ಅದಕ್ಕೆ ಮುಂದಿನ ಜಾಗ ಕೊಟ್ಟರು. ಗಾಯಕ ತನ್ನ ಪಾಡಿಗೆ ತಾನು ಗುನುಗಿಕೊಳ್ಳುತ್ತಿದ್ದಾಗ ಒರಟು ರೆಕಾರ್ಡಿಂಗ್ ಹೊಂದುತ್ತಿತ್ತು. ಕೇಳುವವರ ಕಡೆ ತಿರುಗಿ ಹಾಡುವಾಗ ಅದೇ ಒರಟು ಅಡ್ಡ ಬರುತ್ತಿತ್ತು.

ಶೀರ್ಷಿಕೆ ಹಾಡನ್ನೇ ನೋಡಿ. ಕೆಲಸದಲ್ಲಿ ಎಲ್ಲರ ಕೈಲೂ ಬೈಸಿಕೊಳ್ಳುವ ಹೋಟೆಲ್ ಹುಡುಗಿಗೆ ಬರೆದ ಕಾಗದದಂಥ ಹಾಡು. ತಟ್ಟೆ ಲೋಟ ಬಿದ್ದು ಒಡೆಯುವ ಗಡಿಬಿಡಿಯನ್ನು ಆರ್ಕೆಸ್ಟ್ರಾ ನುಡಿಸುತ್ತದೆ. ತಂತಿವಾದ್ಯ ಒಂದು ಕಡೆ ಓಡಿದರೆ ಊದುವ ವಾದ್ಯ ಇನ್ನೊಂದು ಕಡೆ ಎಡವುತ್ತದೆ. ಇದನ್ನು ಒಂದು ಚೆಲ್ಲೊ, ಒಂದು ವಯಲಿನ್ ಇಟ್ಟುಕೊಂಡು ಮಾಡಲು ಆಗುತ್ತಿರಲಿಲ್ಲ. ಚುರುಕಾಗಿ ನುಡಿಸದಿದ್ದರೆ ಈ ಹಾಡಿನ ನಗುವೇ ಬರುವುದಿಲ್ಲ.

'ಐ ಆಮ್ ಎ ಕುಕೂ' ಇನ್ನೂ ಒಳ್ಳೆಯ ಉದಾಹರಣೆ. ಬಿಟ್ಟುಹೋದವರ ನೆನಪಿನಲ್ಲಿ ಕೊರಗುವ ಹಾಡು. ಮಾತು ಮಾತ್ರ ಓದಿದರೆ 1996ರ ಮರ್ಡಾಕ್. ಆದರೆ ಸಂಗೀತ ಐರ್ಲೆಂಡಿನ ಥಿನ್ ಲಿಜ್ಜಿ ಬ್ಯಾಂಡಿನ ಥರ ಜೋಡಿ ಗಿಟಾರ್, ಮೇಲೆ ಟ್ರಂಪೆಟ್. ಹಾಡಿನೊಳಗೇ ಥಿನ್ ಲಿಜ್ಜಿ ಹೆಸರು ಬರುತ್ತದೆ, ಕದ್ದಿದ್ದನ್ನು ಅವರೇ ಒಪ್ಪಿಕೊಂಡ ಹಾಗೆ. ದುಃಖದ ಮಾತು, ಖುಷಿಯ ಕುಣಿತ. ಎರಡರ ನಡುವಿನ ಎಳೆದಾಟದಲ್ಲಿ ಹಾಡು ನಿಂತಿದೆ. ಗಿಟಾರ್ ಒಂದು ಕೂದಲೆಳೆ ಸಡಿಲವಾದರೂ ಆ ಎಳೆದಾಟ ಹೋಗುತ್ತದೆ. ಇದು ಬ್ರಿಟನ್‌ನಲ್ಲಿ 14ನೇ ಜಾಗಕ್ಕೆ ಏರಿತು. ಆಸ್ಟ್ರೇಲಿಯಾದ ಅವಲಾಂಚಸ್ ಗುಂಪಿನವರು ಇದನ್ನು ಸುಡಾನಿನ ಹಾಡುಗಾರರ ತಂಡದ ಜೊತೆ ಮರುರೂಪ ಮಾಡಿದ್ದಾರೆ. ಸುಮ್ನೆ ಒಂದ್ಸಲ ಹುಡುಕಿ ಕೇಳಿ, ಮನಸ್ಸು ಅರಳುತ್ತದೆ.

ಈಗ ನಿಮ್ಮ ಗೆಳೆಯನನ್ನು ಕೆಣಕಲು ಒಂದು ಪ್ರಶ್ನೆ ಕೊಡುತ್ತೇನೆ. 2007ರ 'ಜೂನೊ' ಸಿನಿಮಾದಲ್ಲಿ ಈ ಬ್ಯಾಂಡಿನ ಎರಡು ಹಾಡುಗಳಿವೆ. 'ಎಕ್ಸ್‌ಪೆಕ್ಟೇಶನ್ಸ್' ಮತ್ತು 'ಪಿಯಾಜಾ, ನ್ಯೂಯಾರ್ಕ್ ಕ್ಯಾಚರ್'. ಒಂದರಲ್ಲಿ ಇಡೀ ಬ್ಯಾಂಡ್ ಇದೆ, ಟ್ರಂಪೆಟ್ ಇದೆ. ಇನ್ನೊಂದರಲ್ಲಿ ಬರೀ ಒಂದು ಗಿಟಾರ್, ಒಂದು ದನಿ, ಬೇರೇನೂ ಇಲ್ಲ. ಬ್ಯಾಂಡ್ ಗೊತ್ತಿಲ್ಲದವರಿಗೆ ಎರಡನ್ನೂ ಕೇಳಿಸಿ, ದುಬಾರಿ ಪ್ರೊಡ್ಯೂಸರ್ ಕೈಯಿಂದ ಬಂದದ್ದು ಯಾವುದು ಅಂತ ಕೇಳಿ. ಮೊದಲನೆಯದು ಅನ್ನುತ್ತಾರೆ. ಅದು 'ಟೈಗರ್‌ಮಿಲ್ಕ್'ನದ್ದು, ಮೂರು ದಿನದ ರೆಕಾರ್ಡಿಂಗ್! ಗಿಟಾರ್ ಮಾತ್ರ ಇರುವುದು ಹಾರ್ನ್ ಮಾಡಿದ ಆಲ್ಬಂನದ್ದು. ಬೇಸ್‌ಬಾಲ್ ನೋಡಲು ಹೋದ ಜೋಡಿಯ ಬಗ್ಗೆ, ಮೈಕ್ ಪಿಯಾಜಾ ಅನ್ನುವ ಆಟಗಾರನ ಬಗ್ಗೆ ಜನ ಆಡಿಕೊಳ್ಳುವ ಗುಸುಗುಸು ಬಗ್ಗೆ ಇರುವ ಈ ಹಾಡನ್ನು ಅವರು ಮುಟ್ಟದೆ ಬಿಟ್ಟಿದ್ದಾರೆ. ಒಳ್ಳೆಯ ಪ್ರೊಡ್ಯೂಸರ್‌ಗೆ ಗೊತ್ತಿರಬೇಕಾದ ಕೆಲಸ ಇದು, ಎಲ್ಲಿ ಕೈ ಹಾಕಬಾರದು ಅನ್ನುವುದು.

ಹಾಗಂತ ಎಲ್ಲ ಹಾಡೂ ಗೆದ್ದಿವೆ ಅಂತಲ್ಲ. 'ಯೂ ಡೋಂಟ್ ಸೆಂಡ್ ಮಿ' ನನಗೆ ಯಾವತ್ತೂ ಹಿಡಿಸಿಲ್ಲ. ಹೊಳಪು ಜಾಸ್ತಿ, ಒಳಗೆ ಹೂರಣ ಕಮ್ಮಿ. ಸ್ಟೀವಿ ಜಾಕ್ಸನ್ ಹಾಡಿದ 'ರಾಯ್ ವಾಕರ್' ಪರವಾಗಿಲ್ಲ, ಇದ್ದರೂ ಸರಿ ಇಲ್ಲದಿದ್ದರೂ ಸರಿ. 'ಇಫ್ ಯೂ ಫೈಂಡ್ ಯುವರ್‌ಸೆಲ್ಫ್ ಕಾಟ್ ಇನ್ ಲವ್' ವಿಚಾರಕ್ಕೆ ಹಳೇ ಅಭಿಮಾನಿಗಳು ಮುಖ ಸಿಂಡರಿಸುತ್ತಾರೆ, ಪ್ರೀತಿ ಸಿಕ್ಕರೆ ದೇವರಿಗೆ ಥ್ಯಾಂಕ್ಸ್ ಹೇಳು ಅನ್ನುವ ಹಾಡು ಅಂತ. ಆದರೆ ಮರ್ಡಾಕ್ ಚರ್ಚಿಗೆ ಹೋಗುವ ಮನುಷ್ಯ, ಅದನ್ನು ಮುಚ್ಚಿಟ್ಟವರೂ ಅಲ್ಲ. ಮೊದಲು ಅನುಮಾನದ ದನಿಯಲ್ಲಿ ಬರುತ್ತಿದ್ದ ದೇವರು ಇಲ್ಲಿ ನೇರವಾಗಿ ಬಂದ, ಅಷ್ಟೇ ವ್ಯತ್ಯಾಸ. ಪಿಯಾನೊ, ಕೋರಸ್ ಎಲ್ಲ ಸೇರಿ ಭಜನೆಯ ಹುಮ್ಮಸ್ಸು ಇದೆ. ನನಗೆ ಇಷ್ಟ.

ಸಾರಾ ಮಾರ್ಟಿನ್ ಹಾಡಿರುವ 'ಅಸ್ಲೀಪ್ ಆನ್ ಎ ಸನ್‌ಬೀಮ್' ಬಗ್ಗೆ ಜಗಳದಲ್ಲಿ ಯಾರೂ ಮಾತಾಡುವುದಿಲ್ಲ. ಕ್ಯಾಂಬೆಲ್ ಹೋದ ಜಾಗದಲ್ಲಿ ಇನ್ನೊಬ್ಬ ಹೆಣ್ಣು ದನಿ ನಿಲ್ಲಬೇಕಾಗಿತ್ತು. ಮಾರ್ಟಿನ್ ಅನುಕರಣೆಗೆ ಹೋಗಲಿಲ್ಲ. ಅವರ ದನಿಯಲ್ಲಿ ಬಿಸಿಲಿದೆ. ಕೊನೆಯ ಹಾಡು 'ಸ್ಟೇ ಲೂಸ್' ಆರು ನಿಮಿಷ ದಾಟುತ್ತದೆ, 1970ರ ದಶಕದ ಕೊನೆಯ ನ್ಯೂ ವೇವ್ ರಾಕ್ ಸಂಗೀತದ ಥರದ ಆರ್ಗನ್ ಹಿಡಿದುಕೊಂಡು ಹೋಗುತ್ತದೆ. ಈ ಬ್ಯಾಂಡ್ ಮುಂದೆ ಎಲ್ಲಿಗೆ ಹೋಗಲಿದೆ ಅನ್ನುವ ಸುಳಿವು ಅಲ್ಲಿದೆ. ಮುಂದಿನ ಆಲ್ಬಂ, 2006ರ 'ದಿ ಲೈಫ್ ಪರ್ಸ್ಯೂಟ್', ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಟೋನಿ ಹಾಫರ್ ಜೊತೆ ಆಯಿತು. ಹಾರ್ನ್ ಇಲ್ಲ. ಆದರೂ ಅದು ಇನ್ನೂ ಗಟ್ಟಿ, ಇನ್ನೂ ಕುಣಿಯುವ ಆಲ್ಬಂ, ಬ್ರಿಟನ್‌ನಲ್ಲಿ ಮೊದಲ ಹತ್ತರೊಳಗೆ ಬಂತು. ಇವರನ್ನು ಹಾರ್ನ್ ದಾರಿ ತಪ್ಪಿಸಿದ್ದರೆ ಹಾರ್ನ್ ಹೋದ ಮೇಲೆ ವಾಪಸ್ ಬರಬೇಕಿತ್ತು, ಅಲ್ವಾ?

ಒಂದು ಹಾಡಿನ ವಿಷಯ ಬೇಕೆಂದೇ ಕೊನೆಗೆ ಇಟ್ಟುಕೊಂಡೆ, 'ಲಾರ್ಡ್ ಆಂಥನಿ'. ಸ್ಕೂಲಿನಲ್ಲಿ ದಿನಾ ಗೇಲಿಗೆ, ಹೊಡೆತಕ್ಕೆ ಸಿಕ್ಕುವ ಹುಡುಗನ ಹಾಡು. ಆಲ್ಬಂನಲ್ಲಿ ಬಂದದ್ದು 2003ರಲ್ಲಾದರೂ ಬರೆದದ್ದು ಬ್ಯಾಂಡಿನ ಮೊದಮೊದಲ ದಿನಗಳಲ್ಲಿ, ಹಳೇ ಅಭಿಮಾನಿಗಳಿಗೆ ಮೊದಲೇ ಗೊತ್ತಿದ್ದ ಹಾಡು. ಹಾಗಾಗಿ ನಿಮ್ಮ ಜಗಳಕ್ಕೆ ಇದೇ ಸರಿಯಾದ ಪರೀಕ್ಷೆ: ಹಳೇ ಹಾಡು, ಹೊಸ ಕೈ. ಹಾರ್ನ್ ಇದರಲ್ಲಿ ತಂತಿವಾದ್ಯಗಳನ್ನು ತಂದಿದ್ದಾರೆ. ಅವು ತುಂಬ ಚೆಂದವಾಗಿವೆ. ಆ ಚೆಂದವೇ ನನಗೆ ಸ್ವಲ್ಪ ಕಿರಿಕಿರಿ. ಹುಡುಗನಿಗೆ ಏಟು ಬಿದ್ದ ಕೂಡಲೇ ವಯಲಿನ್‌ಗಳು ಬಂದು ತಲೆ ಸವರುತ್ತವೆ. 'ಸಿನಿಸ್ಟರ್' ಕಾಲದಲ್ಲಿ ರೆಕಾರ್ಡ್ ಮಾಡಿದ್ದರೆ ಸಮಾಧಾನ ಹೇಳಲು ಯಾರೂ ಬರುತ್ತಿರಲಿಲ್ಲ. ಅವನು ಒಬ್ಬನೇ ಇರುತ್ತಿದ್ದ. ಹನ್ನೆರಡು ಹಾಡುಗಳಲ್ಲಿ ನಿಮ್ಮ ಗೆಳೆಯನ ಆರೋಪ ಪೂರ್ತಿ ನಿಲ್ಲುವುದು ಇದೊಂದರಲ್ಲಿ. ಆದರೆ ಈ ಹಾಡು ಕೇಳಿ ಅಳುವವರೂ ಇದ್ದಾರೆ. ಸ್ಕೂಲಿನಲ್ಲಿ ಹೊಡೆತ ತಿಂದವರಿಗೆ ಆ ವಯಲಿನ್ ಬೇಕಿತ್ತೇನೋ. ಅವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ಇದಕ್ಕೆ ಪ್ರಶಸ್ತಿ ಬಂತಾ ಅಂತ ನಿಮ್ಮ ಗೆಳತಿ ಕೇಳಿದರೆ, 2004ರ ಮರ್ಕ್ಯುರಿ ಪಟ್ಟಿಯಲ್ಲಿ ಇತ್ತು ಅನ್ನಿ. ಗೆದ್ದದ್ದು ಫ್ರಾಂಜ್ ಫರ್ಡಿನಾಂಡ್, ಅವರೂ ಗ್ಲಾಸ್ಗೋದವರೇ. ಬೆಸ್ಟ್ ಆಲ್ಬಂ ಅನ್ನುವ ಅವಳ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹಾಡಿಗೆ ಹಾಡು ಇಟ್ಟು ತೂಗಿದರೆ 'ಸಿನಿಸ್ಟರ್' ತೂಕ ಜಾಸ್ತಿ. ಅಲ್ಲಿ ತೆಗೆದುಹಾಕಬಹುದಾದ ಹಾಡು ಒಂದೂ ಇಲ್ಲ. ಇಲ್ಲಿ ಎರಡಿವೆ.

ರೆಕಾರ್ಡಿಂಗ್ ಚೆನ್ನಾದರೆ ಹಾಡು ಕೆಡುತ್ತಾ ಅಂದಿರಿ. ಕೆಡುವುದು ಹಾಡಿಗೂ ರೆಕಾರ್ಡಿಂಗಿಗೂ ಹೊಂದದಿದ್ದಾಗ. ಗುಟ್ಟು ಹೇಳುವ ಹಾಡನ್ನು ಮೈಕ್ ಹಿಡಿದು ಸಾರಿದರೆ ಕೆಡುತ್ತದೆ. ನಗಿಸುವ ಹಾಡನ್ನು ಗೊಣಗಿದರೂ ಕೆಡುತ್ತದೆ. ಮುಂದಿನ ಸಲ ಜಗಳ ಶುರುವಾದರೆ ಆಲ್ಬಂ ಹೆಸರು ಎತ್ತಬೇಡಿ. ಒಂದು ಹಾಡು ಹಾಕಿ, ಈ ಹಾಡಿನಲ್ಲಿ ಏನು ತೆಗೆಯಬೇಕಿತ್ತು ಹೇಳು ಅಂತ ಅವನನ್ನು ಕೇಳಿ. ಏನು ಉಳಿಸಬೇಕಿತ್ತು ಅಂತ ಅವಳನ್ನು ಕೇಳಿ. ಇಡೀ ಆಲ್ಬಂ ಬೈಯುವುದು ಸುಲಭ. ಹಾಡು ಹಿಡಿದು ಮಾತಾಡಿದರೆ ಇಬ್ಬರೂ ಅರ್ಧ ಗಂಟೆಯಲ್ಲಿ ದಾರಿಗೆ ಬರುತ್ತಾರೆ.

ತಂಗಿಗೆ ಈ ಜಗಳದ ಕಥೆ ಹೇಳಬೇಡಿ. ಹೇಳಿದರೆ ಅವಳು ಹಾಡು ಕೇಳುವ ಬದಲು ಪಕ್ಷ ಆರಿಸುತ್ತಾಳೆ. ಮೊದಲು 'ಐ ಆಮ್ ಎ ಕುಕೂ' ಹಾಕಿ. ಆಮೇಲೆ 'ಪಿಯಾಜಾ'. ಅದು ಹಿಡಿಸಿದರೆ ಅವಳ ಕಿವಿ ಸಣ್ಣ ದನಿಗೆ ಒಗ್ಗಿದೆ ಅಂತ ಲೆಕ್ಕ, ಆಗ 'ಸಿನಿಸ್ಟರ್' ಇಡಿಯಾಗಿ ಕೇಳಿಸಿ, ನಡುವೆ ಹಾಡು ಬದಲಿಸಲು ಬಿಡಬೇಡಿ. 'ಪಿಯಾಜಾ' ಬೋರ್ ಅಂದರೆ ಒತ್ತಾಯ ಬೇಡ, 'ದಿ ಲೈಫ್ ಪರ್ಸ್ಯೂಟ್' ಕೊಟ್ಟುಬಿಡಿ. 'ಫೋಲ್ಡ್ ಯುವರ್ ಹ್ಯಾಂಡ್ಸ್' ಮತ್ತು 'ಸ್ಟೋರಿಟೆಲಿಂಗ್' ಸದ್ಯಕ್ಕೆ ಬೇಡವೇ ಬೇಡ.